ಕಿವಿ ಮುಟ್ಟದ ಕೈ

...ಬೇಡ, ಬೇಡ, ನಿಂತ್ಕೋಬೇಡ ಕಣಪ್ಪ, ಕೂತ್ಕೋ. ನಾನು ರಿಟೈರಾಗಿ ಆರು ವರ್ಷ ಆಯ್ತು ಮಾರುತೇಶ, ಇನ್ನೂ ನನ್ನ ಕಂಡ್ರೆ ಎದ್ದು ನಿಲ್ತೀಯಲ್ಲ. ಹೂಂ, ಹಂಗೆ. ಈ ಜಾಲಿ ಮರದ ನೆರಳು ಇರೋದೇ ಇಷ್ಟು, ಇಬ್ಬರೂ ಅರ್ಧರ್ಧ ಹಂಚ್ಕೊಳ್ಳೋಣ. ಊಟಕ್ಕೆ ಒಂದು ಗಂಟೆ ಬಿಡ್ತಾರೆ ತಾನೆ? ಅದರಲ್ಲಿ ಹತ್ತು ನಿಮಿಷ ನಿಮ್ಮ ಗೇಟಿನ ರಿಜಿಸ್ಟರೇ ತಿಂದುಬಿಡ್ತು. ಹೆಸರು ಬರೀರಿ ಅಂದ್ರು, ಬರೆದೆ. ಶಿವಮೂರ್ತಪ್ಪ, ನಿವೃತ್ತ ಮುಖ್ಯೋಪಾಧ್ಯಾಯ. ಊರು ಮೊಳಕಾಲ್ಮೂರು. ಆಮೇಲೆ 'ಬಂದ ಕಾರಣ' ಅಂತ ಒಂದು ಕಾಲಂ ಐತೆ ನೋಡು, ಅಲ್ಲಿ ಪೆನ್ನು ನಿಂತೇ ಹೋಯ್ತು. ಕೊನೆಗೆ 'ಸಂತೋಷದ ಸುದ್ದಿ' ಅಂತ ಬರೆದೆ. ನಿನ್ನ ಜೊತೆಯ ಗಾರ್ಡು ಓದಿ ನಕ್ಕ. ನೀನು ನಗಲಿಲ್ಲ.

ಈಗ್ಲೂ ನಗ್ತಿಲ್ಲ.

ಸುದ್ದಿ ನಿಂಗೆ ಗೊತ್ತೈತೆ ಅಂತ ನಂಗೂ ಗೊತ್ತು. ಲಿಸ್ಟಲ್ಲಿ ಹೆಸರು ಕಂಡ ತಕ್ಷಣ ದಿವ್ಯಾ ಮೊದಲು ಫೋನ್ ಮಾಡಿದ್ದು ನಿಂಗೆ, ಆಮೇಲೆ ನಂಗೆ. ಆದ್ರೂ ಬಾಯ್ತುಂಬ ಒಂದ್ಸಲ ಹೇಳ್ತೀನಿ, ತಡೀಬೇಡ. ಇದನ್ನ ಹೇಳೋಕೇ ಎರಡು ಬಸ್ಸು ಬದಲಾಯಿಸಿ, ಚಳ್ಳಕೆರೆಯಿಂದ ಈ ದೊಡ್ಡಉಳ್ಳಾರ್ತಿ ಕಾವಲಿನ ತನಕ ಆಟೋದಲ್ಲಿ ಕುಲುಕಿಸ್ಕೊಂಡು ಬಂದಿದ್ದೀನಿ. ನಿನ್ನ ತಂಗಿ, ನಮ್ಮ ಹಟ್ಟಿ ಸ್ಕೂಲಿನ ಹುಡುಗಿ, ಆಡು ಕಾಯೋ ತಿಪ್ಪಯ್ಯನ ಮಗಳು, ಎನ್‌ಡಿಎಗೆ ಸೆಲೆಕ್ಟ್ ಆಗಿದ್ದಾಳೆ, ಮಿಲಿಟರಿ ಆಫೀಸರ್ ಮಾಡೋ ಅಕಾಡೆಮಿಗೆ. ಪುಣೆ ಹತ್ರ ಖಡಕ್‌ವಾಸ್ಲಾ. ಮೂರು ವರ್ಷ ಅಲ್ಲೇ ಊಟ, ಅಲ್ಲೇ ಬಟ್ಟೆ, ಅಲ್ಲೇ ಓದು. ಈಜು ಕಲಿಸ್ತಾರಂತೆ, ಕುದುರೆ ಹತ್ತಿಸ್ತಾರಂತೆ. ಮೂರು ವರ್ಷ ಮುಗಿಯೋ ಹೊತ್ತಿಗೆ ಕೈಯಲ್ಲಿ ದಿಲ್ಲಿಯ ದೊಡ್ಡ ವಿಶ್ವವಿದ್ಯಾಲಯದ ಡಿಗ್ರಿ. ಆಮೇಲೆ ಇನ್ನೊಂದು ವರ್ಷ ಟ್ರೇನಿಂಗ್, ಭುಜದ ಮೇಲೆ ನಕ್ಷತ್ರ. ಓದಿನ ಖರ್ಚೆಲ್ಲ ಸರ್ಕಾರದ್ದು, ಬೆವರು ಮಾತ್ರ ಅವಳದು. ಹುಡುಗೀರಿಗೆ ಆ ಬಾಗಿಲು ತೆಗೆದು ನಾಲ್ಕು ವರ್ಷ ಆಗಿರಬೇಕು ಅಷ್ಟೇ, ಆಗಲೇ ನಮ್ಮ ಹಟ್ಟಿಯವಳು ಒಬ್ಬಳು ಒಳಗೆ ಹೋಗ್ತಿದ್ದಾಳೆ ಅಂದ್ರೆ...

ಯಾರಿಗೆ ಹೇಳ್ತಿದ್ದೀನಿ ನೋಡು ನಾನು. ನಿಂಗೆ. ಇದೇ ಮಾತನ್ನ, ಇದೇ ಈಜು, ಇದೇ ಕುದುರೆ, ಮೊದಲು ಹೇಳಿದ್ದು ನಿಂಗೇ ಅಲ್ವಾ. ಲಾಕ್‌ಡೌನ್ ಟೈಮಲ್ಲಿ, ನಮ್ಮನೆ ಜಗಲಿ ಮೇಲೆ. ನಾನು ಆಗ ತಾನೆ ರಿಟೈರಾಗಿದ್ದೆ, ಮಾತಾಡೋಕೆ ಯಾರೂ ಸಿಕ್ತಿರಲಿಲ್ಲ, ನೀನು ಪಿಯುಸಿ ಪುಸ್ತಕ ಹಿಡ್ಕೊಂಡು ಸಿಕ್ಕೆ. ಪೇಪರಿನಲ್ಲಿ ಬಂದಿದ್ದ ಜಾಹೀರಾತು ಕತ್ತರಿಸಿ ಇಟ್ಟಿದ್ದೆ. ಅದನ್ನ ನೀನು ಜೇಬಿನಲ್ಲಿ ಇಟ್ಕೊಂಡು ಇಟ್ಕೊಂಡು, ಮಡಿಕೆ ಮಡಿಕೆಯಲ್ಲೂ ಹರಿದು, ಕೊನೆಗೆ ಹಿಂದಕ್ಕೆ ಅನ್ನದ ಅಗುಳು ಹಚ್ಚಿ ಅಂಟಿಸಿದ್ದೆ.

ಈ ಸೆಕ್ಯುರಿಟಿ ಯೂನಿಫಾರ್ಮೂ ನಿಂಗೆ ಒಪ್ಪುತ್ತೆ ಕಣೋ. ಗೇಟಿನ ಹತ್ರ ದೂರದಿಂದ ನೋಡಿದೆ, ಎದೆ ಸೆಟೆಸಿ ನಿಂತಿದ್ದೆ. ಯಾವ ಆಫೀಸರಿಗೆ ಕಮ್ಮಿ ಅಂತ... ಛೆ. ಬಿಡು. ಏನೋ ಹೇಳೋಕೆ ಹೋಗಿ ಏನೋ ಹೇಳ್ತೀನಿ. ನಮ್ಮನೇವಳು ವನಜಾಕ್ಷಿ ಬೈತಾಳೆ, ನಿಮಗೆ ಬಾಯಿ ಮುಂದೆ, ಬುದ್ಧಿ ಹಿಂದೆ ಅಂತ.

ತಗೋ, ಇದನ್ನ ತಿನ್ನು ಮೊದಲು. ಶೇಂಗಾ ಹೋಳಿಗೆ. ನಮ್ಮನೇವಳೇ ಮಾಡಿದ್ದು, ಮಾರುತೇಶನಿಗೆ ಕೊಡಿ ಅಂತ ಕಟ್ಟಿಕೊಟ್ಟಳು. ಏನು? ಡಬ್ಬಿನ ಯಾಕೆ ಹಂಗೆ ತಿರುಗಿಸಿ ನೋಡ್ತೀಯ? ತೂತು ಗೀತು ಇಲ್ಲ, ಎಣ್ಣೆ ಸೋರಲ್ಲ...

ಹೌದು. ಮುಚ್ಚಳ ಸೊಟ್ಟ ಐತೆ. ನೀನೇ ಚಿಕ್ಕೋನಿದ್ದಾಗ ಅದರ ಮೇಲೆ ಹತ್ತಿ ನಿಂತು ಅಟ್ಟದಿಂದ ಬೆಲ್ಲ ಕದೀತಿದ್ದೆಯಂತಲ್ಲ. ಸರಿ ಮಾರಾಯ, ಸುಳ್ಳು ಹೇಳಿದೆ. ನಿಮ್ಮವ್ವ ಸೂರಮ್ಮ ಮಾಡಿದ್ದು. 'ನಾನು ಮಾಡಿದ್ದು ಅನ್ನಬೇಡಿ ಸಾರ್, ಅಂದ್ರೆ ಅವನು ತಿನ್ನಲ್ಲ' ಅಂದಳು. ನಿನ್ನೆ ಮಧ್ಯಾಹ್ನ ಪೂರ್ತಿ ಒಲೆ ಮುಂದೆ ಕೂತಿದ್ದಳು. ನಾನು ಹೋಗಿದ್ದೆ, ದಿವ್ಯಾಳ ಕಾಗದ ಪತ್ರ ಎಲ್ಲ ಒಂದು ಫೈಲಿಗೆ ಜೋಡಿಸಿಕೊಡೋಕೆ. ಮುಚ್ಚಬೇಡ ಕಣಪ್ಪ. ಮುಚ್ಚಿದ್ರೂ ಕೆಳಗಿಡಬೇಡ, ಇಲ್ಲೆಲ್ಲ ಇರುವೆ ಐತೆ.

ಒಂದು ತಿನ್ನು. ಅರ್ಧ ತಿನ್ನು. ದಿವ್ಯಾಳ ಹೆಸರಲ್ಲಿ.

ಹಾಂ. ಹಂಗೆ. ನಿಧಾನ.

ಈಗ ಬಂದ ಕೆಲಸ ಹೇಳ್ತೀನಿ. ಭಾನುವಾರ ಹೊರಡ್ತಾರೆ. ರಾಂಪುರದಿಂದ ಬೆಳಗಿನ ಬಸ್ಸಿಗೆ ಬಳ್ಳಾರಿ, ಬಳ್ಳಾರಿಯಿಂದ ರೈಲು. ಮನೆಯವರು ಬಂದು ಬಿಟ್ಟು ಹೋಗಬಹುದಂತೆ. ನಿಮ್ಮಪ್ಪ ಆಡು ಬಿಟ್ಟು ಎಲ್ಲಿಗೂ ಬರಲ್ಲ ಅಂತ ನಿಂಗೆ ಗೊತ್ತು. ಆ ಹುಡುಗಿ ಏನಂತಾಳೆ ಅಂದ್ರೆ, ಅಣ್ಣನೂ ಬರಬೇಕು, ಅವ್ವನೂ ಬರಬೇಕು, ಇಬ್ಬರೂ ಬರದೇ ಇದ್ರೆ ನಾನೊಬ್ಬಳೇ ಹೋಗ್ತೀನಿ, ಯಾರೂ ಬೇಡ ಅಂತ. ಹಠ ನಿನ್ನದೇ. ಸೂರಮ್ಮ ಏನಂತಾಳೆ ಅಂದ್ರೆ, ಅವನು ಹೋಗಲಿ ಸಾರ್, ನಾನು ಇಲ್ಲೇ ಇರ್ತೀನಿ, ನಾನು ಇದ್ರೆ ಅವನು ಬರಲ್ಲ ಅಂತ. ಮಗಳು ಪಟ್ಟು ಬಿಡಲ್ಲ, ಅವ್ವ ಹೊಸಿಲು ದಾಟಲ್ಲ, ನೀನು ಇಲ್ಲಿ ಗೇಟು ಬಿಡಲ್ಲ. ಮಧ್ಯದಲ್ಲಿ ನಾನು, ಅರವತ್ತಾರರ ಮುದುಕ, ಅಂಚೆಯವನ ಹಂಗೆ ಓಡಾಡ್ತಿದ್ದೀನಿ.

ಮೂರೂವರೆ ವರ್ಷ ಆಯ್ತಲ್ಲೋ ನೀನು ಆ ಹಟ್ಟಿಗೆ ಕಾಲಿಟ್ಟು. ಹಬ್ಬ ಹೋಯ್ತು, ನಿಮ್ಮಜ್ಜಿ ತಿಥಿ ಹೋಯ್ತು. ತಂಗಿ ಕಂಡ್ರೆ ಪ್ರಾಣ, ನಂಗೆ ಗೊತ್ತಿಲ್ವಾ? ನಿನ್ನ ಪುಸ್ತಕ ಎಲ್ಲ ಬಸ್ಸಿಗೆ ಹಾಕಿ ಕಳಿಸಿದೆ. ಪ್ರತಿ ಪುಟದ ಅಂಚಿನಲ್ಲೂ ಪೆನ್ಸಿಲ್ಲಲ್ಲಿ ಬರೆದಿದ್ದೀಯ, ಇಲ್ಲಿ ನಾನು ತಪ್ಪಿದ್ದೆ, ನೀನು ಹುಷಾರು, ಅಂತ. ಒಂದು ಲೆಕ್ಕದ ಪಕ್ಕ, ಮೇಷ್ಟ್ರಿಗೂ ಇದು ಬರಲ್ಲ, ಕೇಳಬೇಡ, ಅಂತ ಬರೆದಿದ್ದೀಯಂತೆ. ತೋರಿಸಿದಳು ನಂಗೆ. ಬೇಜಾರೇನಿಲ್ಲ, ನಿಜವಾಗ್ಲೂ ಬರಲ್ಲ ಅದು.

ಈಗ ನಕ್ಕೆ. ಸ್ವಲ್ಪ ನಕ್ಕೆ, ನೋಡಿದೆ ನಾನು.

ಜಟಿಂಗ ರಾಮೇಶ್ವರ ಬೆಟ್ಟದ ಮೆಟ್ಟಿಲು ನೆನಪೈತಾ? ನೀನು ಬೆಳಗ್ಗೆ ಐದಕ್ಕೇ ಓಡಿ ಹತ್ತೋದು, ಅವಳು ನಿನ್ನ ಚಪ್ಪಲಿ ಕಾಯ್ಕೊಂಡು ಕೆಳಗೆ ಕೂತಿರೋದು, ಎರಡು ಜಡೆ ಹಾಕ್ಕೊಂಡು. ಒಂದು ದಿನ ಚಪ್ಪಲಿ ಅಲ್ಲೇ ಬಿಟ್ಟು ಅವಳೂ ನಿನ್ನ ಹಿಂದೆ ಓಡಿದಳು. ಕೆಳಗೆ ಬಂದು ನೋಡಿದ್ರೆ ಚಪ್ಪಲಿ ಯಾರೋ ಹೊತ್ಕೊಂಡು ಹೋಗಿದ್ರು. ಅವತ್ತು ನೀನು ಬೈಯೋದು ಬಿಟ್ಟು, ಎಷ್ಟು ಮೆಟ್ಟಿಲು ಹತ್ತಿದೆ ಅಂತ ಕೇಳಿದೆಯಂತೆ. ಅದಕ್ಕೇ ಇವತ್ತು ಅವಳು ಹೋಗ್ತಿರೋದು. ನನ್ನಿಂದ ಅಲ್ಲ.

ನೀನೂ ಹೋಗ್ತಿದ್ದೆ. ಹೋಗೋನೇ ಇದ್ದೆ. ರಿಟನ್ ಪಾಸಾದೆ, ಬೆಂಗಳೂರಿನಲ್ಲಿ ಐದು ದಿನದ ಆ ಇಂಟರ್‌ವ್ಯೂ, ಎಸ್‌ಎಸ್‌ಬಿ, ಅದರಲ್ಲೂ ಕೊನೇ ದಿನದ ತನಕ ಉಳಿದೆ. ಅರ್ಧಕ್ಕರ್ಧ ಜನ ಮೊದಲ ದಿನವೇ ಬ್ಯಾಗು ಹಿಡ್ಕೊಂಡು ವಾಪಸ್ ಹೋಗಿದ್ರು, ನೀನು ಉಳಿದೆ. ಕೊನೆಗೆ ಹೆಸರು ಕರೀಲಿಲ್ಲ. ಆದ್ರೆ ಆ ಆಫೀಸರು ಕೈ ಕುಲುಕಿ ಏನಂದ್ರು? ಮತ್ತೆ ಬಾ ಅಂದ್ರು. ಮತ್ತೆ ಬಾ. ಬಸ್ಸಿಳಿದು ಸೀದಾ ನಮ್ಮನೆಗೆ ಬಂದು, 'ಸಾರ್, ಮತ್ತೆ ಬಾ ಅಂದ್ರು' ಅಂತ ಹೇಳಿದೆಯಲ್ಲ, ಸೋತು ಬಂದವನ ಮುಖ ಆಗಿರಲಿಲ್ಲ ಅದು.

ಆಮೇಲೆ ಜನವರಿಯಲ್ಲಿ, ಎರಡನೇ ಸಲ ಅರ್ಜಿ ಹಾಕೋಕೆ, ಆ ಸೈಬರ್ ಸೆಂಟರು. ನಾನೂ ನಿನ್ನ ಪಕ್ಕದಲ್ಲೇ ಕೂತಿದ್ದೆ. ಹುಟ್ಟಿದ ತಾರೀಖಿನ ಜಾಗದಲ್ಲಿ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ನೋಡಿ ಹಾಕಿದೆ, ಒಂದು, ಆರು, ಎರಡು ಸಾವಿರದ ನಾಲ್ಕು. ಕೆಂಪಕ್ಷರ ಬಂತು. ಆ ಸಲಕ್ಕೆ ಎರಡನೇ ಜುಲೈ ಎರಡು ಸಾವಿರದ ನಾಲ್ಕಕ್ಕಿಂತ ಮುಂಚೆ ಹುಟ್ಟಿದವರು ಅರ್ಜಿ ಹಾಕಂಗಿಲ್ಲ. ಮೂವತ್ತೊಂದು ದಿನ. ಬರೀ ಮೂವತ್ತೊಂದು ದಿನಕ್ಕೆ ನೀನು ದೊಡ್ಡೋನಾಗಿಬಿಟ್ಟಿದ್ದೆ. ಕಂಪ್ಯೂಟರ್ ಹುಡುಗ ಮೂರು ಸಲ ಹಾಕಿ ನೋಡಿದ, ಮೂರು ಸಲವೂ ಅದೇ ಕೆಂಪು.

ಆಚೆ ಬಂದು ನನ್ನ ಕೇಳಿದೆ. 'ಸಾರ್, ಈ ತಾರೀಖು ಯಾರು ಕೊಟ್ಟಿದ್ದು?' ನಾನು, ಅದೇ... ಸ್ಕೂಲಿಗೆ ಸೇರಿಸೋಕೆ ಬಂದೋರು ಏನು ಹೇಳ್ತಾರೋ ಅದನ್ನ ಬರೀತೀವಪ್ಪ, ನಿಮ್ಮವ್ವ ಹೇಳಿದ್ದು ಅಂದೆ.

ನೀನು ಮನೆಗೆ ಹೋಗಿ ಆ ಹೆಂಗಸಿಗೆ ಅಂದ ಮಾತು, ಅದು ಹಟ್ಟಿಗೆಲ್ಲ ಕೇಳಿಸ್ತಂತೆ. ಆಡು ಮರಿ ಹಾಕಿದ ದಿನ ನೆನಪಿರುತ್ತೆ, ಹೆತ್ತ ಮಗ ಹುಟ್ಟಿದ ದಿನ ನೆನಪಿಲ್ಲವಾ ನಿಂಗೆ, ಅಂತ. ನೀನು ಅದೇ ಸಂಜೆ ಬಟ್ಟೆ ಪುಸ್ತಕ ತುಂಬ್ಕೊಂಡು ಚಳ್ಳಕೆರೆಗೆ ಬಂದೆ.

ನೋಡಪ್ಪ, ಒಂದು ಒಪ್ಕೋತೀನಿ. ಜೂನ್ ಒಂದು ಅನ್ನೋದು ನಮ್ಮ ಕೆಲಸ. ಮೇಷ್ಟ್ರುಗಳ ಕೆಲಸ. ಹೆರಿಗೆ ಮನೆಯಲ್ಲೇ ಆಗಿರ್ತಿತ್ತು, ಯಾವ ಸರ್ಟಿಫಿಕೇಟೂ ಇರ್ತಿರಲಿಲ್ಲ, ಮಗು ಕೈ ಹಿಡ್ಕೊಂಡು ಬಂದು ನಿಲ್ಲೋರು. ನಾವು ಎಲ್ಲರಿಗೂ ಜೂನ್ ಒಂದು ಹಾಕ್ತಿದ್ವಿ. ನಮ್ಮ ತಾಲ್ಲೂಕಿನ ಅರ್ಧ ಜನ ಜೂನ್ ಒಂದರಂದೇ ಹುಟ್ಟಿರೋದು, ನಾನೂ ಸೇರಿ. ಅವತ್ತು ಬೆಳಗ್ಗೆ ಫೋನ್ ಹಿಡ್ಕೊಂಡು ಹುಟ್ಟುಹಬ್ಬದ ಶುಭಾಶಯ ಕಳಿಸಿ ಕಳಿಸಿ ನನ್ನ ಬೆರಳು ನೋಯುತ್ತೆ. ಹಂಗಾಗಿ ದಿನ ನಮ್ಮದು. ಆದ್ರೆ ವರ್ಷ... ವರ್ಷ ಮನೆಯವರು ಹೇಳಿದ್ದು. ಹಂಗೇ ಇರುತ್ತೆ ಎಲ್ಲಾ ಕಡೆ.

ಯಾಕೆ ಹಂಗೆ ನೋಡ್ತೀಯ? ಹೊಸದೇನಲ್ಲ ಇದು, ಅವತ್ತೂ ಹೇಳಿದ್ದೆನಲ್ಲ.

ಅದು ಬಿಡು. ದಿವ್ಯಾ ಇಂಟರ್‌ವ್ಯೂನಲ್ಲಿ ಏನು ಮಾಡಿದಳು ಗೊತ್ತಾ? ಇದು ನಿಂಗೆ ಹೇಳಿರಲ್ಲ ಅವಳು. ಆ ಆಫೀಸರು ಮನೆ ವಿಚಾರ ಎಲ್ಲ ಕೇಳಿ, ನಿಮ್ಮಣ್ಣ ಎಸ್‌ಎಸ್‌ಬಿ ತನಕ ಬಂದಿದ್ದ ಅಂತೀಯ, ಮತ್ತೆ ಯಾಕೆ ಬರಲಿಲ್ಲ ಅಂದ್ರಂತೆ. ಇವಳು ನೆಟ್ಟಗೆ ಕೂತು, 'ನಮ್ಮಣ್ಣ ಒಂದು ತಿಂಗಳು ಮುಂಚೆ ಹುಟ್ಟಿಬಿಟ್ಟ ಸರ್' ಅಂದಳಂತೆ. ಅವರು ಪಕಪಕ ನಕ್ಕರಂತೆ. ಹೆಂಗೆ ಉತ್ತರ? ನಾನು ಇದನ್ನ ನಮ್ಮ ವಾಕಿಂಗ್ ಗುಂಪಿನಲ್ಲಿ ಹೇಳಿದ್ದೇ ಹೇಳಿದ್ದು, ಹತ್ತು ಸಲ ಹೇಳಿರಬೇಕು. ಹೇಳಿದಾಗೆಲ್ಲ ಎಲ್ಲರೂ ನಗ್ತಾರೆ. ನಾನೂ ನಗ್ತೀನಿ. ನಕ್ಕಾದ ಮೇಲೆ ಮನೆಗೆ ಬಂದು... ಏನೋ ಒಂಥರಾ ಆಗುತ್ತೆ. ಊಟ ಸೇರಲ್ಲ.

ವಯಸ್ಸಾಯ್ತು, ಅದಕ್ಕೇ ಇರಬೇಕು.

ನೀರು ಕುಡಿ. ಹೋಳಿಗೆ ಗಂಟಲಿಗೆ ಹಿಡಿಯುತ್ತೆ.

ನಾನು ಹೇಳೋದು ಇಷ್ಟೇ ಮಾರುತೇಶ. ಅವ್ವನ ಮೇಲೆ ಸಿಟ್ಟು ಸಾಕು. ಅವಳಿಗೆ ನೆನಪಿಲ್ಲ, ನೆನಪಿಲ್ಲ ಅಂತ ಸಾಧಿಸ್ತೀಯಲ್ಲ, ಅವಳು ಏನನ್ನೂ ಮರೆಯೋ ಹೆಂಗಸಲ್ಲ ಕಣೋ. ನಿನ್ನೆ ಹೋಳಿಗೆ ತಟ್ಟುತ್ತಾ ತಟ್ಟುತ್ತಾ ನಿನ್ನದೇ ಕತೆ. ಕಣ್ಣಿಗೆ ಕಟ್ಟೋ ಹಂಗೆ ಹೇಳ್ತಾಳೆ. ನೀನು ಹೊಟ್ಟೆಯಲ್ಲಿದ್ದಾಗ ರಾಂಪುರದಲ್ಲಿ ಯಾರದೋ ಮನೆಗೆ ಶೇಂಗಾ ಬಿಡಿಸೋ ಕೂಲಿಗೆ ಹೋಗ್ತಿದ್ದಳಂತೆ. ಅವರ ಪಡಸಾಲೆಯಲ್ಲಿ ಟಿವಿ. ಒಂದು ದಿನ ಎಲ್ಲರೂ ಕೈಯಲ್ಲಿದ್ದ ಕಾಯಿ ಬಿಟ್ಟು ಬಾಯಿ ತೆರೆದು ಟಿವಿ ನೋಡ್ತಾ ನಿಂತುಬಿಟ್ರಂತೆ. ಸಮುದ್ರ ಎದ್ದು ಬಂದು ಊರು ನುಂಗೋದು, ತಾಯಂದಿರು ಮಕ್ಕಳ ಹೆಸರು ಕೂಗ್ತಾ ಓಡೋದು. ಸುನಾಮಿ ಅಂತೆ ಸಾರ್, ನಾನು ಆ ಹೆಸರು ಕೇಳಿದ್ದೇ ಅವತ್ತು, ಅಂತಾಳೆ. ಐದು ತುಂಬಿ ಆರರಲ್ಲಿ ಬಿದ್ದಿತ್ತಂತೆ ಅವಳಿಗೆ. ಹೊಟ್ಟೆ ಹಿಡ್ಕೊಂಡು, ಕೂಲಿ ಬಿಟ್ಟು, ರಾಂಪುರದಿಂದ ಹಟ್ಟಿಗೆ ನಡೆದೇ ಬಂದಳಂತೆ. ದಾರಿಯಲ್ಲಿ ನೀನು ಒದ್ದೆಯಂತೆ. ಅವತ್ತೇ ಮೊದಲು ಅಷ್ಟು ಜೋರಾಗಿ ಒದ್ದದ್ದು. ಸಮುದ್ರ ಕಂಡು ಹೆದರಿದನೋ ಏನೋ ಸಾರ್, ಅದಕ್ಕೇ ಅವನಿಗೆ ಇವತ್ತಿಗೂ ಕೆರೆಗೆ ಇಳಿಯೋಕೆ ಭಯ, ಅಂತ ಹೇಳಿ ತಾನೇ ನಗ್ತಾಳೆ. ಉಗಾದಿ ಆದ ಮೂರನೇ ದಿನ ಹೆರಿಗೆ. ಇಷ್ಟೆಲ್ಲ ನೆನಪಿರೋಳಿಗೆ ನೀನು...

ಏನಾಯ್ತು?

ಯಾಕೆ ಡಬ್ಬಿ ಮುಚ್ಚಿದೆ? ಇನ್ನೂ ಎರಡು ಐತೆ ಅದರಲ್ಲಿ. ಬೆರಳು ಮಡಚಿ ಏನು ಎಣಿಸ್ತಿದ್ದೀಯ?

ಮಾರುತೇಶ. ಎಣಿಸಬೇಡಪ್ಪ. ಅವಳೇನೋ ಹೇಳಿದಳು, ನಾನೇನೋ ಹೇಳಿದೆ. ಹಳ್ಳಿ ಹೆಂಗಸು, ಟಿವಿಯಲ್ಲಿ ಯಾವುದೋ ನೀರು ನೋಡಿರ್ತಾಳೆ. ಪ್ರವಾಹ ಇರಬೇಕು, ವರ್ಷವರ್ಷ ಬರುತ್ತಲ್ಲ ಎಲ್ಲಾದರೂ. ಆಮೇಲೆ ಯಾವಾಗಲೋ ಸುನಾಮಿ ಅಂತ ಹೆಸರು ಕೇಳಿ ಎರಡನ್ನೂ ಸೇರಿಸಿಬಿಟ್ಟಿರ್ತಾಳೆ. ಇಲ್ಲಾ ಅದು ದಿವ್ಯಾ ಹೊಟ್ಟೆಯಲ್ಲಿದ್ದಾಗಲೇ ಏನೋ... ಇಲ್ಲ. ದಿವ್ಯಾ ಆಸ್ಪತ್ರೆಯಲ್ಲಿ ಹುಟ್ಟಿದ್ದು. ಎರಡು ಸಾವಿರದ ಏಳು. ಅವಳದ್ದು ಕಾಗದ ಐತೆ.

ನೀನು ಏನಾದ್ರೂ ಅನ್ನು. ಮತ್ತೆ ಎಣಿಸ್ತೀಯಲ್ಲ.

ನಂಗೆ ಗೊತ್ತು ನೀನು ಏನು ಯೋಚನೆ ಮಾಡ್ತಿದ್ದೀಯ ಅಂತ. ಆ ಸುನಾಮಿ ತಾರೀಖು ನಾನೇ ನಿಂಗೆ ಬರೆಸಿದ್ದು. ಜನರಲ್ ನಾಲೆಡ್ಜ್ ನೋಟ್ಸಲ್ಲಿ. ಇಪ್ಪತ್ತಾರು ಡಿಸೆಂಬರ್, ಎರಡು ಸಾವಿರದ ನಾಲ್ಕು. ಕೆಳಗೆ ಗೆರೆ ಎಳ್ಕೋ, ಕೇಳ್ತಾರೆ ಅಂದಿದ್ದೆ. ನೀನು ಎಳ್ಕೊಂಡಿದ್ದೆ.

ಡಿಸೆಂಬರ್‌ನಲ್ಲಿ ಹೊಟ್ಟೆಯಲ್ಲಿದ್ದ ಮಗು ಅದೇ ವರ್ಷದ ಜೂನ್‌ನಲ್ಲಿ ಹೆಂಗೆ ಹುಟ್ಟಿರುತ್ತೆ ಅಂತ ಕೇಳ್ತಿದ್ದೀಯ. ಬಾಯಲ್ಲಿ ಕೇಳ್ತಿಲ್ಲ, ಕೇಳಿದ್ರೆ ಚೆನ್ನಾಗಿರ್ತಿತ್ತು.

ನಾನೇನು ಕಣ್ಣು ಮುಚ್ಕೊಂಡು ಬರೆದಿಲ್ಲಪ್ಪ. ಕಿವಿ ಮುಟ್ಟಿಸಿ ನೋಡಿದ್ದೀನಿ. ಕಾಗದ ಇಲ್ಲದ ಮಗುವಿಗೆಲ್ಲ ನಾವು ಅದೇ ಪರೀಕ್ಷೆ ಮಾಡ್ತಿದ್ದದ್ದು. ಬಲಗೈನ ತಲೆ ಮೇಲಿಂದ ತಂದು ಎಡಗಿವಿ ಮುಟ್ಟು ಅನ್ನೋದು. ಮುಟ್ಟಿದ್ರೆ ಒಂದನೇ ಕ್ಲಾಸಿಗೆ ವಯಸ್ಸಾಗೈತೆ ಅಂತ. ಮುಟ್ಟದೇ ಇದ್ರೆ ಮುಂದಿನ ವರ್ಷ ಬಾ ಅಂತ. ನನ್ನ ಕಾಲದಿಂದ ಅಲ್ಲ, ನನ್ನ ಮೇಷ್ಟ್ರ ಕಾಲದಿಂದ ನಡೆದುಬಂದಿದ್ದು. ನಿಂಗೂ ಮಾಡಿಸಿದೆ. ಆಫೀಸ್ ರೂಮಿನ ಬಾಗಿಲ ಹತ್ರ, ಕಂಬಕ್ಕೆ ಒರಗಿಸಿ ನಿಲ್ಲಿಸಿ. ಮುಟ್ಟಿತು. ನಾನೇ ಕಣ್ಣಾರೆ ನೋಡಿದ್ದು, ನಿನ್ನ ಬೆರಳು ಕಿವಿ ಮುಟ್ಟಿತು. ಮುಟ್ಟಿದ ಮೇಲೇ ಬರೆದದ್ದು...

ಏನು ಮಾಡ್ತಿದ್ದೀಯ?

ಟೋಪಿ ಯಾಕೆ ತೆಗೆದೆ? ಬಿಸಿಲು ಐತೆ ಕಣೋ... ಮಾರುತೇಶ, ಕೈ ಇಳಿಸು. ಗೇಟಿನವರು ನೋಡ್ತಿದ್ದಾರೆ. ಇಷ್ಟೆತ್ತರ ಆಳು, ತಲೆ ಮೇಲೆ ಕೈ ಇಟ್ಕೊಂಡು...

ಕತ್ತು ಯಾಕೆ ವಾಲಿಸ್ತೀಯ? ನೆಟ್ಟಗಿಡು. ನೆಟ್ಟಗಿಟ್ಟೇ ಮುಟ್ಟುತ್ತೆ ನಿಂಗೆ ಈಗ.

...ನಿಂಗೆ ನೆನಪೈತಾ?

ನಾಲ್ಕು ವರ್ಷದ ಮಗುವಿಗೆ ಇದೆಲ್ಲ ನೆನಪಿರುತ್ತಾ? ನನ್ನ ಕೈ ನಿನ್ನ ತಲೆ ಮೇಲೆ ಬಂದದ್ದು? ಇಷ್ಟು ದಿನ ಇತ್ತಾ ಆ ನೆನಪು, ಇಲ್ಲಾ ಈಗ ಬಂತಾ?

ಹೌದು ಕಣಪ್ಪ. ಬಗ್ಗಿಸಿದೆ. ನಿನ್ನ ಕೈ ನೆತ್ತಿ ದಾಟಿ ಇಷ್ಟು ಈಚೆಗೆ ಬಂದು ನಿಂತಿತ್ತು. ಬೆರಳ ತುದಿಗೂ ಕಿವಿಗೂ ಮಧ್ಯೆ ನಾಲ್ಕು ಬೆರಳು ಜಾಗ ಇತ್ತು. ನಾನು ನಿನ್ನ ತಲೆ ಹಿಡಿದು ಒತ್ತಿದೆ, ಕಿವಿನೇ ಬೆರಳ ಹತ್ರ ಬರೋ ಹಂಗೆ. ನೀನು ಆಟ ಅಂದ್ಕೊಂಡು ನಕ್ಕೆ. ಸೂರಮ್ಮ ನಗಲಿಲ್ಲ. ನಿನ್ನ ಸೇರಿಸೋಕೆ ಬಂದೇ ಇರಲಿಲ್ಲ ಅವಳು. ಪಕ್ಕದ ಮನೆ ಹುಡುಗಿಯನ್ನ ಬಿಡೋಕೆ ಬಂದಿದ್ದಳು, ನೀನು ಸೆರಗು ಹಿಡ್ಕೊಂಡು ಜೊತೆಗೆ ಬಂದಿದ್ದೆ. ಇವನನ್ನೂ ಸೇರಿಸಮ್ಮ ಅಂದೆ. 'ಇಂಕಾ ಚಿನ್ನೋಡು ಸಾರ್' ಅಂದಳು, ಅವರ ಮನೆ ತೆಲುಗಿನಲ್ಲಿ. ಇನ್ನೂ ಚಿಕ್ಕೋನು ಅಂತ. ಹುಟ್ಟಿದ್ದು ಯಾವಾಗ ಅಂದೆ. ಈ ಸುನಾಮಿ ಕತೆಯನ್ನ ಅವತ್ತೂ ಹೇಳಿದಳು. ಒಂದಕ್ಷರ ಬದಲಿಲ್ಲ, ನಿನ್ನೆ ಹೇಳಿದ ಹಂಗೇ. ನಾನು ತಲೆ ಆಡಿಸಿದೆ, 2004 ಅಂತ ಬರೆದೆ. ಹೆಬ್ಬೆಟ್ಟು ಒತ್ತಿಸ್ಕೊಂಡೆ.

ಯಾಕೆ ಅಂತೀಯಾ? ಹೇಳೋಕೆ ನಾಚಿಕೆ ಆಗುತ್ತೆ, ಅಷ್ಟು ಸಣ್ಣ ಕಾರಣ. ಆ ವರ್ಷ ಸ್ಕೂಲಿನಲ್ಲಿ ಹತ್ತೊಂಬತ್ತು ಮಕ್ಕಳು. ಇಪ್ಪತ್ತು ಇಲ್ಲದಿದ್ರೆ ಒಬ್ಬ ಮೇಷ್ಟ್ರು ಹೆಚ್ಚುವರಿ ಅಂತ ಬೇರೆ ತಾಲ್ಲೂಕಿಗೆ ಹಾಕ್ತೀವಿ ಅಂತ ಆಫೀಸಿನಿಂದ ಮಾತು ಬಂದಿತ್ತು. ಹೆಚ್ಚು ವರ್ಷ ಅಲ್ಲೇ ಇದ್ದವನನ್ನೇ ಎತ್ತೋದು; ಇಬ್ಬರಲ್ಲಿ ನಾನೇ ಹಳಬ, ಹೋಗಬೇಕಾಗಿದ್ದವನು ನಾನೇ. ಮೊಳಕಾಲ್ಮೂರಿನಲ್ಲಿ ನಮ್ಮ ಹೊಸ ಮನೆ ಗೃಹಪ್ರವೇಶ ಆಗಿ ತಿಂಗಳು ತುಂಬಿರಲಿಲ್ಲ. ಬಾಗಿಲ ತೋರಣ ಇನ್ನೂ ಒಣಗಿರಲಿಲ್ಲ. ಇಪ್ಪತ್ತನೇ ಹೆಸರು ನಿನ್ನದು. ಅಷ್ಟೇ. ಒಂದು ವರ್ಷ ದೊಡ್ಡೋನಾದ್ರೆ ಏನಾಗುತ್ತೆ, ಹಟ್ಟಿ ಮಗು, ನಾಳೆ ಆಡು ಕಾಯುತ್ತೆ, ಆಡಿಗೆ ತಾರೀಖು ಕೇಳ್ತಾರಾ ಅಂದ್ಕೊಂಡೆ. ಈ ಮಾತು ನನ್ನ ಮನಸ್ಸಲ್ಲಿ ಬಂದಿತ್ತು. ಬಂದಿರಲಿಲ್ಲ ಅಂತ ಹೇಳಿದ್ರೆ ಅದೂ ಒಂದು ಸುಳ್ಳು.

ನೀನು ಆಡು ಕಾಯಲಿಲ್ಲ. ಚೆನ್ನಾಗಿ ಓದಿದೆ. ಅದೇ ನನ್ನ ಗ್ರಹಚಾರ.

ಜಗಲಿ ಮೇಲೆ ಪಾಠ ಹೇಳ್ತಿದ್ದೆನಲ್ಲ, ಆಗ ನೆನಪಿರಲಿಲ್ವಾ ಅಂತ ಕೇಳು. ಇತ್ತು. ಜಾಹೀರಾತಿನಲ್ಲಿ ವಯಸ್ಸಿನ ಸಾಲು ನಾನೇ ಮೊದಲು ಓದಿದ್ದು. ಅಷ್ಟೊತ್ತಿಗೆ ಎಸ್‌ಎಸ್‌ಎಲ್‌ಸಿ ಕಾರ್ಡು ಬಂದಾಗಿತ್ತು, ಅದರಲ್ಲಿದ್ದ ತಾರೀಖು ಬಿಟ್ಟು ಅವರು ಬೇರೇನೂ ಒಪ್ಪಲ್ಲ. ಹುಡುಗ ಬುದ್ಧಿವಂತ, ಮೊದಲನೇ ಸಲಕ್ಕೇ ಹೋಗ್ತಾನೆ, ಆಮೇಲೆ ಯಾರು ಕೇಳ್ತಾರೆ ಅಂದ್ಕೊಂಡೆ. ಅದಕ್ಕೇ ಅಷ್ಟು ಬಡ್ಕೊಂಡಿದ್ದು ನಾನು. ಮೇಷ್ಟ್ರು ಎಂಥಾ ಒಳ್ಳೇವರು, ಪುಕ್ಕಟೆ ಪಾಠ ಹೇಳ್ತಾರೆ ಅಂತ ಹಟ್ಟಿಯೆಲ್ಲ ಹೊಗಳಿತು. ನೀನೂ ಕಾಲಿಗೆ ಬಿದ್ದೆ. ಬಿದ್ದಾಗ ಎತ್ತಿದೆ ನಿನ್ನ. ಅದೇ ಕೈಯಲ್ಲೇ.

ಇಷ್ಟೇನಾ ಅಂತ ನೋಡ್ತಿದ್ದೀಯ.

ಇಷ್ಟೇ ಅಲ್ಲ.

ನೀನು ಮನೆ ಬಿಟ್ಟ ಮಾರನೇ ದಿನ ಸೂರಮ್ಮ ನಮ್ಮನೆಗೆ ಬಂದಳು. ಒಳಗೆ ಬಾ ಅಂದ್ರೆ ಬರಲಿಲ್ಲ, ಬಾಗಿಲ ಹೊರಗೇ ನಿಂತಳು. ಅವಳಿಗೆ ಸುನಾಮಿ ಗೊತ್ತು, ಉಗಾದಿ ಗೊತ್ತು, ಅದು ಯಾವ ಇಸವಿ ಅಂತ ಗೊತ್ತಿಲ್ಲ. ನನ್ನ ಕೇಳಿದಳು. 'ನಾನೇ ತಪ್ಪು ಹೇಳಿದ್ನಾ ಸಾರ್?' ಅಂತ.

ವನಜಾಕ್ಷಿ ಒಳಗೆ ಇದ್ದಳು. ಕೇಳಿಸ್ಕೊಳ್ತಿದ್ದಳು. ನಾನು ಹೂಂ ಅಂದೆ.

ಹೂಂ ಕಣಮ್ಮ, ಅಂದೆ. ಹೋಗಲಿ ಬಿಡು, ಓದಿಲ್ಲ ಬರೆದಿಲ್ಲ, ನಿಂದೇನು ತಪ್ಪು, ಅಂತ ಸಮಾಧಾನ ಬೇರೆ ಹೇಳಿ ಕಳಿಸಿದೆ. ಅದಕ್ಕೇ ಅವಳು ನಿನ್ನ ಹುಡುಕ್ಕೊಂಡು ಬರಲಿಲ್ಲ. ಮಗನ ಜೀವನ ಹಾಳು ಮಾಡಿದೋಳು ತಾನೇ ಅಂತ ಇವತ್ತಿಗೂ ನಂಬಿದ್ದಾಳೆ. ನಿನ್ನೆ ಆ ಕತೆ ಹೇಳಿ ನಕ್ಕಳು ಅಂದೆನಲ್ಲ, ನಕ್ಕಾದ ಮೇಲೆ ಇನ್ನೊಂದು ಮಾತೂ ಹೇಳಿದಳು, ನಾನು ನಿಂಗೆ ಹೇಳದೇ ಬಿಟ್ಟೆ. 'ಇಷ್ಟೆಲ್ಲ ನೆನಪೈತೆ ಸಾರ್, ವರ್ಷ ಒಂದು ಎಲ್ಲಿ ತಪ್ಪಿತೋ' ಅಂದಳು. ನಾನು ಫೈಲಿಗೆ ದಾರ ಕಟ್ಟುತ್ತಾ ಕೂತಿದ್ದೆ. ತಲೆ ಎತ್ತಲಿಲ್ಲ.

ಬೈಯಪ್ಪ. ಬೈದುಬಿಡು. ಅವ್ವನಿಗೆ ಅಂದೆಯಲ್ಲ, ಅದಕ್ಕಿಂತ ದೊಡ್ಡದಾಗಿ ಅನ್ನು, ಇಲ್ಲಿ ಈ ಗಾಳಿಯಲ್ಲಿ ಯಾರಿಗೂ ಕೇಳಿಸಲ್ಲ. ಎದ್ದು ನಿಂತೆಯಾ? ಊಟದ ಹೊತ್ತು ಮುಗೀತಾ? ಇನ್ನೂ ಐದು ನಿಮಿಷ ಇರಬೇಕು. ಭಾನುವಾರ ಬೆಳಗ್ಗೆ ಏಳಕ್ಕೆ ಬಸ್ಸು. ನಾನು ಅಲ್ಲಿ ಇರಲ್ಲ ಬೇಕಾದ್ರೆ. ನಾನು ಬರಬಾರದು ಅಂದ್ರೆ ಬರಲ್ಲ. ಆದ್ರೆ ನೀನು ಬಾ...

ಏನದು? ಫೋನ್ ಯಾಕೆ? ಯಾರಿಗೆ ಮಾಡ್ತಿದ್ದೀಯ? ಕನ್ನಡಕ ಇಲ್ಲ ನಂಗೆ, ತಡಿ... 'ಅವ್ವ' ಅಂತ ಐತೆ. ಇಷ್ಟು ವರ್ಷ ಆದ್ರೂ ಆ ನಂಬರ್ ತೆಗೆದಿಲ್ಲ ನೀನು.

ರಿಂಗ್ ಆಗ್ತಾ ಐತೆ. ನೀನು ಮಾತಾಡಪ್ಪ. ನಿನ್ನ ದನಿ ಕೇಳಿದ್ರೆ ಅವಳಿಗೆ... ಯಾಕೆ ನನ್ನ ಕೈಗೆ ಕೊಡ್ತೀಯ? ಮಾರುತೇಶ, ಇದನ್ನ ನಾನು ಎದುರಿಗೆ ಹೋಗಿ ಹೇಳ್ತೀನಿ, ನಾಳೆ ಹೋಗ್ತೀನಿ, ನಿಧಾನವಾಗಿ ಕೂತು...

ಇಲ್ಲ. ಸರಿ. ಕೊಡು.

ಹಲೋ. ಸೂರಮ್ಮ. ಅಲ್ಲಮ್ಮ, ಅವನಲ್ಲ, ನಾನು, ಮೇಷ್ಟ್ರು. ಅವನ ಫೋನೇ. ಇಲ್ಲೇ ಇದ್ದಾನೆ, ನನ್ನ ಮುಂದೆ ನಿಂತಿದ್ದಾನೆ. ತಿಂದ, ತಿಂದ, ಒಂದು ತಿಂದ. ಅಳಬೇಡ, ನಾನು ಹೇಳೋದು ಕೇಳು, ಇನ್ನೊಂದ್ಸಲ ಹೇಳೋಕೆ ನಂಗೆ ಧೈರ್ಯ ಬರಲ್ಲ. ಅವತ್ತು ನಮ್ಮನೆ ಬಾಗಿಲಲ್ಲಿ ನಿಂತು ನನ್ನ ಒಂದು ಮಾತು ಕೇಳಿದ್ದೆಯಲ್ಲ. ನಾನೇ ತಪ್ಪು ಹೇಳಿದ್ನಾ ಅಂತ.

ಇಲ್ಲ ಕಣಮ್ಮ. ನೀನು ಸರಿಯಾಗೇ ಹೇಳಿದ್ದೆ. ಇಂಕಾ ಚಿನ್ನೋಡು ಅಂದಿದ್ದೆ.